ಅಕ್ಕನ ಹಿಂದೆ ನಡೆದ ನೀರು

ನನ್ನ ಅಕ್ಕ ನಿದಾ ಮೊದಲ ಸಲ ದಿಬ್ಬ ಹತ್ತಿದಾಗ ಅವಳಿಗೆ ಒಂಬತ್ತು ವರ್ಷ, ನನಗೆ ಆರು. ಆ ಕಾಲದಲ್ಲಿ ನಮ್ಮವರು ಯಾರೂ ದಿಬ್ಬದ ಕಡೆ ತಲೆ ಹಾಕುತ್ತಿರಲಿಲ್ಲ. ಹೋಗಿ ಮಾಡುವುದಾದರೂ ಏನಿತ್ತು? ಬಿರುಕು ಬಿಟ್ಟ ಮಣ್ಣು, ಬಿಸಿಲು, ಓತಿಕ್ಯಾತ, ಅಷ್ಟೆ. ನಾವೆಲ್ಲ ಎರಡು ಹೊಳೆಗಳ ನಡುವಿನ ಜೌಗಿನವರು. ಜೊಂಡಿನ ಕಂತೆಗಳನ್ನು ನೀರಿನ ಮೇಲೆ ಒಟ್ಟಿ, ಅದನ್ನೇ ನೆಲವೆಂದುಕೊಂಡು, ಅದರ ಮೇಲೆ ಜೊಂಡಿನದೇ ಗುಡಿಸಲು ಕಟ್ಟಿಕೊಂಡು ಬದುಕುತ್ತಿದ್ದೆವು. ಮೀನಿಗೆ ಬರವಿರಲಿಲ್ಲ, ಬಾತುಕೋಳಿ ಮೊಟ್ಟೆಗೆ ಬರವಿರಲಿಲ್ಲ. ಒಣಗಿದ ಹಾಸಿಗೆ ಎಂಬುದು ಮಾತ್ರ ಯಾರ ಮನೆಯಲ್ಲೂ ಇರಲಿಲ್ಲ. ಅಪ್ಪ ಜ್ವರದಲ್ಲಿ ತೀರಿಕೊಂಡ ವರ್ಷವೇ ಅವ್ವನಿಗೆ ಕೆಮ್ಮು ಹತ್ತಿಕೊಂಡಿತು. ಚಳಿ ಬಂತೆಂದರೆ ಅವಳ ಮೊಣಕಾಲು ಊದಿ ಗಡಿಗೆಯಂತಾಗುತ್ತಿತ್ತು. “ಒಂದು ದಿನ, ಒಂದ ಒಂದು ದಿನ, ಒಣಾ ನೆಲಕ್ಕ ಬೆನ್ನು ಹಚ್ಚಿ ಮಲಗಬೇಕು ನೋಡು,” ಎನ್ನುತ್ತಿದ್ದಳು, ಬೇರೆ ಹೆಂಗಸರು ಒಡವೆಗೆ ಆಸೆಪಟ್ಟ ಹಾಗೆ.

ಅವತ್ತು ನಮ್ಮ ಎಮ್ಮೆಯ ಕರು ಹಗ್ಗ ಕಿತ್ತುಕೊಂಡು ದಿಬ್ಬದ ಕಡೆ ಓಡಿತ್ತು. ಅದರ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ಅರ್ಧ ಏರು ಹತ್ತುವಷ್ಟರಲ್ಲಿ ನನ್ನ ಅಂಗಾಲಿಗೆ ತಣ್ಣಗೆ ತಾಗಿತು. ನೋಡಿದರೆ ಅಕ್ಕನ ಹೆಜ್ಜೆಯ ಗುರುತುಗಳಲ್ಲೆಲ್ಲ ನೀರು. ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಬೆರಳಗಲದ ನೀರು ಹರಿದು, ಹೊಳೆಯ ದಂಡೆಯಿಂದ ಅವಳ ಹಿಮ್ಮಡಿಯವರೆಗೆ ದಾರ ಎಳೆದಂತೆ ಬಂದಿತ್ತು. ಏರನ್ನು ಹತ್ತಿಯೇ ಬಂದಿತ್ತು. ಅಕ್ಕ ನಿಂತಳು, ನೀರು ಅವಳ ಕಾಲ ಸುತ್ತ ತಟ್ಟೆಯಷ್ಟಗಲ ನಿಂತಿತು. ಎರಡು ಹೆಜ್ಜೆ ಇಟ್ಟಳು. ಅದೂ ಎರಡು ಹೆಜ್ಜೆ ಬಂತು. ನಾವಿಬ್ಬರೂ ಕರುವನ್ನು ಮರೆತು ಸಂಜೆಯವರೆಗೆ ಆ ಆಟ ಆಡಿದೆವು.

ಅವ್ವ ಬಂದು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಅತ್ತಿತ್ತ ನೋಡಿ, “ಯಾರರೆ ನೋಡ್ಯಾರೇನು?” ಎಂದು ಕೇಳಿದಳು. ಯಾರೂ ನೋಡಿರಲಿಲ್ಲ. ಹತ್ತು ದಿನ ಬಿಟ್ಟು ನೋಡಿದರೆ, ಅಕ್ಕ ಆಡಿದ ಜಾಗದಲ್ಲಿ ಎಲ್ಲಿಂದಲೋ ಹಾರಿ ಬಿದ್ದಿದ್ದ ಜವೆಗೋಧಿಯ ಕಾಳು ಮೊಳೆತು ಹಸಿರು ಎದ್ದಿತ್ತು. ಅವ್ವ ಆ ಹಸಿರಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದಳು. ಮರುದಿನ ಅವಳೇ ಅಕ್ಕನ ಕೈಹಿಡಿದು ದಿಬ್ಬಕ್ಕೆ ಕರೆದುಕೊಂಡು ಹೋದಳು. ಅವಳ ಇನ್ನೊಂದು ಕೈಯಲ್ಲಿ ಬೀಜದ ಚೀಲವಿತ್ತು.

ಬೆಳೆ ಕಂಡ ಮೇಲೆ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಮೊದಲು ಪಕ್ಕದ ಗುಡಿಸಲಿನವರು ಬಂದರು. “ನಿದಾನ್ನ ಒಂಚೂರು ನಮ್ಮ ಕಡೆ ಅಡ್ಡಾಡಿಸವ್ವ,” ಎಂದರು. ಆಮೇಲೆ ಕೆಳದಂಡೆಯವರು, ಆಮೇಲೆ ಮೂರು ಹರದಾರಿ ಆಚೆಯವರು. ಯಾರೂ ಅದನ್ನು ದೊಡ್ಡ ಮಾತು ಮಾಡಲಿಲ್ಲ. ಒಬ್ಬರ ಕೈಯಲ್ಲಿ ಬೆಣ್ಣೆ ಚೆನ್ನಾಗಿ ಬರುತ್ತದೆ, ಇನ್ನೊಬ್ಬರಿಗೆ ಹಾವಿನ ಭಯವಿಲ್ಲ, ನಿದಾಳ ಹಿಂದೆ ನೀರು ಬರುತ್ತದೆ. ಹಾಗೆ ಅಂದುಕೊಂಡು ಕೆಲಸಕ್ಕೆ ನಿಂತರು. ಅವಳು ನಡೆದು ಹೋದರೆ ಬೆರಳಗಲದ ನೀರು. ಹಿಂದೆಯೇ ಗುದ್ದಲಿ ಹಿಡಿದು ಅಗೆಯುತ್ತ ಹೋದರೆ ಅದು ಮೊಣಕಾಲುದ್ದದ ಕಾಲುವೆ. ಒಮ್ಮೆ ದಾರಿ ತೋರಿಸಿಕೊಟ್ಟಲ್ಲಿ ನೀರು ಆ ಬೆಳೆ ಕೊಯ್ಯುವವರೆಗೆ ನಿಲ್ಲುತ್ತಿತ್ತು. ಮುಂದಿನ ಬಿತ್ತನೆಗೆ ಮತ್ತೆ ಅವಳೇ ನಡೆಯಬೇಕು. ನಾನು ದೊಡ್ಡವನಾದ ಹಾಗೆ ಅವಳ ಹಿಂದಿನ ಮೊದಲ ಗುದ್ದಲಿ ನನ್ನದೇ ಆಯಿತು. ನನ್ನ ಹಿಂದೆ ಊರಿನ ಗಂಡಸರ ಸಾಲು. ಅಕ್ಕ ನಿಲ್ಲುವ ಹಾಗಿರಲಿಲ್ಲ. ನಿಂತರೆ ಅಲ್ಲಿ ಮಡು ಆಗುತ್ತಿತ್ತು. ರೊಟ್ಟಿಯನ್ನು ನಡೆಯುತ್ತ ತಿನ್ನುತ್ತಿದ್ದಳು, ತಲೆಯನ್ನು ನಡೆಯುತ್ತ ಬಾಚಿಕೊಳ್ಳುತ್ತಿದ್ದಳು. ನನ್ನ ಕಡೆ ತಿರುಗದೆ ನನ್ನೊಡನೆ ಮಾತಾಡುವುದು ಅವಳಿಗೆ ರೂಢಿಯಾಗಿತ್ತು. ಅವಳ ಮುಖಕ್ಕಿಂತ ಅವಳ ಬೆನ್ನನ್ನು ನಾನು ಹೆಚ್ಚು ಬಲ್ಲೆ.

ಬೆಳೆ ಹೆಚ್ಚಿದಂತೆ ದಿಬ್ಬದ ಮೇಲೆ ಕಾಳು ಇಡಲು ಜಾಗ ಬೇಕಾಯಿತು. ಕಾಲುವೆ ಅಗೆದ ಕೆಸರಿಗೆ ಹೊಟ್ಟು ತುಳಿದು, ಚೌಕಟ್ಟಿನಲ್ಲಿ ಒತ್ತಿ, ಬಿಸಿಲಿಗೆ ಒಣಗಿಸಿದರೆ ಇಟ್ಟಿಗೆ ಆಗುತ್ತದೆ ಎಂದು ಯಾರೋ ಕಂಡುಕೊಂಡರು. ಮೊದಲು ಕಣಜ ಕಟ್ಟಿದರು. ಕಣಜ ಕಾಯುವವನಿಗೊಂದು ಮನೆ ಕಟ್ಟಿದರು. ಆ ಮನೆಯ ನೆಲ ಮಳೆಗಾಲದಲ್ಲೂ ಒಣಗಿರುವುದನ್ನು ನೋಡಿದ ಹೆಂಗಸರು ಗಂಡಂದಿರಿಗೆ ಊಟ ಬಡಿಸುವುದನ್ನೇ ಬಿಟ್ಟರು. ನಾಲ್ಕೈದು ವರ್ಷಗಳಲ್ಲಿ ಜೌಗು ಖಾಲಿಯಾಗಿ ದಿಬ್ಬ ತುಂಬಿತು. ಓಣಿಗಳಾದವು. ಗಡಿಗೆ ಮಾಡುವವನು ಬರೀ ಗಡಿಗೆ ಮಾಡಿ, ನೇಯುವವಳು ಬರೀ ನೇಯ್ದು ಬದುಕಬಹುದಾಯಿತು.

ಆಗ ಮುಂದೆ ಬಂದವನು ಇಲುಮ. ಅವನು ನಮ್ಮ ಹಾಗೆಯೇ ಮೀನು ಹಿಡಿಯುತ್ತಿದ್ದವನು. ಎತ್ತರದ ಆಳು, ಮೆಲುದನಿ. ಜನರನ್ನು ಸಾಲಾಗಿ ನಿಲ್ಲಿಸುವುದು ಅವನಿಗೆ ಬರುತ್ತಿತ್ತು. ಯಾರು ಯಾವತ್ತು ಅಗೆಯಬೇಕು, ಯಾರ ಹೊಲಕ್ಕೆ ಮೊದಲು ನೀರು, ಇವೆಲ್ಲ ಜಗಳವಾದಾಗ ಅವನು ನಡುವೆ ಬಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹಾಗೆ ಹೇಳಿ ಹೇಳಿ ಒಂದು ದಿನ ಅವನ ಮಾತಿಲ್ಲದೆ ಯಾವುದೂ ನಡೆಯದಂತಾಯಿತು.

ನಮ್ಮ ಮನೆಯನ್ನು ಊರವರೇ ಕೂಡಿ ಕಟ್ಟಿಕೊಟ್ಟರು. ನಿದಾಳ ತಾಯಿಯ ಮನೆಯೆಂದು ಗೋಡೆ ಎರಡು ಇಟ್ಟಿಗೆ ದಪ್ಪ ಇಟ್ಟರು. ಅವ್ವ ಒಳಗೆ ಹೋದವಳೇ ಯಾರಿಗೂ ಕಾಯದೆ ನೆಲದ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು. ಅಕ್ಕ ಓಣಿಯಲ್ಲಿ ನಿಂತಿದ್ದಳು. ಅವಳು ಒಳಗೆ ಬರುವಂತಿರಲಿಲ್ಲ. ಹೊಸ್ತಿಲು ದಾಟಿ ಗಳಿಗೆ ಹೊತ್ತು ಕೂತರೂ ನೆಲ ಕೆಸರಾಗುತ್ತಿತ್ತು, ಗೋಡೆಯ ಬುಡ ಕರಗುತ್ತಿತ್ತು. ಅದು ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಬಾಗಿಲಿನಿಂದ ಬಗ್ಗಿ ನೋಡಿ ಕೇಳಿದಳು: “ಹೆಂಗೈತೆ ಯವ್ವಾ?”

“ಬೆನ್ನಿಗೆ ಬೆಚ್ಚಗ ಹತ್ತೈತೆ ನನ್ನವ್ವಾ,” ಎಂದಳು ಅವ್ವ, ಕಣ್ಣು ತೆರೆಯದೆ. ಆಮೇಲೆ ಎದ್ದು ಕೂತು, ಮಗಳು ಎಲ್ಲಿ ನಿಂತಿದ್ದಾಳೆ ಎಂಬುದನ್ನು ನೋಡಿ ಅಳತೊಡಗಿದಳು.

“ಅಳಬ್ಯಾಡ. ನೀ ಒಣಗಿದ್ರ ನಾ ಒಣಗಿದಂಗ,” ಎಂದು ಅಕ್ಕ ನಕ್ಕಳು. ಅಷ್ಟರಲ್ಲೇ ಓಣಿಯಲ್ಲಿ ನೀರು ನಿಲ್ಲತೊಡಗಿತ್ತು, ಅವಳು ಹೊರಟುಬಿಟ್ಟಳು.

ಹೀಗೆ ಜೌಗಿನಲ್ಲಿ ಕೊನೆಗೆ ಉಳಿದದ್ದು ಅವಳ ಒಂದೇ ಗುಡಿಸಲು. ಮೇಷು ಎಂಬ ದೋಣಿಯವನು ಒಬ್ಬನಿದ್ದ. ಅವಳಿಗಾಗಿ ಜೌಗಿನಲ್ಲೇ ಇರುತ್ತೇನೆ, ನನಗೆ ಇಟ್ಟಿಗೆ ಮನೆ ಬೇಡ ಎಂದು ಎಲ್ಲರೆದುರಿಗೂ ಹೇಳಿದ್ದ. ಎರಡು ಚಳಿಗಾಲ ಇದ್ದ ಕೂಡ. ಮೂರನೆಯ ಚಳಿಗಾಲದಲ್ಲಿ ಅವನಿಗೂ ಕೆಮ್ಮು ಶುರುವಾಯಿತು. ಅಕ್ಕನೇ ಅವನ ದೋಣಿಗೆ ಅವನ ಬುತ್ತಿ, ಬಲೆ ಎಲ್ಲ ತುಂಬಿ, “ನೀ ಹೋಗು. ನಮ್ಮವ್ವ ಕೆಮ್ಮಿದ್ದು ಒಮ್ಮೆ ಕೇಳೇನಿ, ಮತ್ತ ಕೇಳಲಾರೆ,” ಎಂದು ಕಳಿಸಿಕೊಟ್ಟಳು. ಅವನು ದಿಬ್ಬದ ಮೇಲೆ ನೇಯುವವಳೊಬ್ಬಳನ್ನು ಮದುವೆಯಾದ. ನಾನೂ ಮದುವೆಯಾದೆ. ನನ್ನ ಹೆಂಡತಿ ಎರೆಶಿ, ಗಡಿಗೆ ಮಾಡುವವನ ಮಗಳು. ಬಾಯಿ ಸ್ವಲ್ಪ ಖಾರ, ಕೈ ಮೃದು.

ಅಕ್ಕ ವಾರಕ್ಕೊಮ್ಮೆ ಅವ್ವನನ್ನು ನೋಡಲು ಬರುತ್ತಿದ್ದಳು. ಓಣಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ಕಿಟಕಿಯ ಎದುರು ಬಂದಾಗ ಒಂದು ಮಾತು, ತಿರುಗಿ ಬಂದಾಗ ಇನ್ನೊಂದು ಮಾತು. ಅವ್ವ ಒಳಗಿನಿಂದ ಅವಳ ಹೆಜ್ಜೆಯ ಸಪ್ಪಳ ದೂರವಾಗಿ ಹತ್ತಿರವಾಗುವವರೆಗೆ ಕಾಯುತ್ತಿದ್ದಳು. ಊಟ ಮಾಡಿದೆಯಾ ಎಂದು ಕೇಳಿ ಉತ್ತರ ಪಡೆಯುವುದಕ್ಕೆ ಓಣಿಯ ಒಂದು ಸುತ್ತು ಬೇಕಾಗುತ್ತಿತ್ತು. ಅವಳು ಹೋದ ಮೇಲೆ ಓಣಿಯ ತುಂಬ ಕೆಸರು. ಮೊದಮೊದಲು ನೆರೆಯವರು ಸುಮ್ಮನೆ ಬೂದಿ ಚೆಲ್ಲಿ ಒಣಗಿಸಿಕೊಂಡರು. ಆಮೇಲೆ ಮುಖ ಸಿಂಡರಿಸತೊಡಗಿದರು. ಒಂದು ದಿನ ಎದುರುಮನೆಯ ಗೋಡೆ ಬುಡ ಕರಗಿ ಕುಸಿದುಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ತೊಟ್ಟಿಲಿನಲ್ಲಿ ಕೂಸು ಮಲಗಿತ್ತು, ಗೋಡೆ ಅದರಿಂದ ಮೊಳ ದೂರಕ್ಕೆ ಬಿದ್ದಿತ್ತು. ಆ ತಾಯಿಯ ಕಿರುಚಾಟ ಕೇಳಿ ಊರೇ ಕೂಡಿತು.

ಇಲುಮ ಬಂದ. ಅವನು ಬೈಯಲಿಲ್ಲ. ಎಲ್ಲರೂ ಕೇಳುವಂತೆ ಮೆಲ್ಲಗೆ ಹೇಳಿದ: “ನಿದಾ ನಮಗೆಲ್ಲಾ ತಾಯಿ. ಅಕಿ ಇಲ್ಲಂದ್ರ ಈ ಊರ ಇಲ್ಲ. ತಾಯಿ ಆದಾಕಿ ಹೊರಗಿದ್ದು ಮಕ್ಕಳನ್ನ ಕಾಯ್ಬೇಕು. ಇವತ್ತಿಂದ ಅಕಿ ಗೋಡಿ ಒಳಗ ಬರೂದು ಬ್ಯಾಡ.” ಆಗ ಊರ ಸುತ್ತ ಗೋಡೆ ಎದ್ದಿತ್ತು, ಅದಕ್ಕೊಂದು ಬಾಗಿಲೂ ಇತ್ತು. ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿದರು. ಗೋಡೆಯ ಇಟ್ಟಿಗೆಗಳೆಲ್ಲ ಅಕ್ಕ ತಂದ ನೀರಿನಲ್ಲಿ ಕಲಸಿದವೇ. ಆದರೆ ಆ ಮಾತು ಆಗ ನನಗೂ ಹೊಳೆಯಲಿಲ್ಲ. ಕೂಸಿನ ತಾಯಿಯ ಮುಖ ನೋಡಿ ನಾನೂ ಸುಮ್ಮನಿದ್ದೆ.

ಅದೇ ವರ್ಷ ಅವ್ವ ಹಾಸಿಗೆ ಹಿಡಿದಳು. ಕಾಲು ಪೂರ್ತಿ ಬಿದ್ದುಹೋದವು. ಸೊಂಟ ಮುಟ್ಟಿದರೆ ಚೀರುತ್ತಿದ್ದಳು. ಹೊತ್ತು ಹೊರಗೆ ಒಯ್ಯುವ ಮಾತೇ ಇರಲಿಲ್ಲ. ಒಮ್ಮೆ ಚಾಪೆ ಸಮೇತ ಎತ್ತಲು ಹೋಗಿ, ಹೊಸ್ತಿಲ ತನಕವೂ ಹೋಗಲಾರದೆ ಕೆಳಗಿಟ್ಟೆವು. “ನಿದಾಳ ಮಾರಿ ನೋಡಬೇಕು,” ಎಂದು ಒಂದೇ ಹಟ. “ದನಿ ಅಲ್ಲ. ಮಾರಿ. ಮಗ್ಗಲಾಗ ಕುಂತು, ತಲಿ ಮ್ಯಾಲ ಕೈ ಇಡಬೇಕು.”

ನನಗೆ ಒಂದು ಯೋಚನೆ ಬಂತು. ಮಾವನ ಆವಿಗೆಯಲ್ಲಿ ಸುಟ್ಟ ಗಡಿಗೆ ನೀರಿಗೆ ಕರಗುವುದಿಲ್ಲ. ಹಾಗಾದರೆ ಇಟ್ಟಿಗೆಯನ್ನೂ ಗಡಿಗೆಯಂತೆ ಸುಟ್ಟರೆ? ಅಂಥ ಇಟ್ಟಿಗೆಯಿಂದ ಒಂದು ಪುಟ್ಟ ಕೋಣೆ ಕಟ್ಟಿ, ಸಂದುಗಳಿಗೆ ದೋಣಿಗೆ ಬಳಿಯುವ ಕಪ್ಪು ಅಂಟು ಮೆತ್ತಿ, ಅವ್ವನ ಹಾಸಿಗೆಯನ್ನು ಒಳಗಿನ ಕಟ್ಟೆಯ ಮೇಲಿಟ್ಟರೆ ಅಕ್ಕ ಬಂದು ಕೂರಬಹುದು. ನೀರು ಬಂದರೆ ಬರಲಿ, ತೂಬಿನಿಂದ ಹೊರಗೆ ಹೋಗುತ್ತದೆ. ಮಾವ ಕೇಳಿ ತಲೆ ಕೆರೆದುಕೊಂಡ. “ಇಟಗಿ ಸುಡೂದಂದ್ರ ಜೊಂಡಿನ ಗುಡ್ಡನ ಬೇಕಲ್ಲೋ,” ಎಂದ.

ಜೊಂಡನ್ನು ಅಕ್ಕ ಕೊಯ್ದಳು. ನಲವತ್ತು ದಿನ, ಒಬ್ಬಳೇ. ಜೊಂಡಿನ ಅಂಚು ಕತ್ತಿಯ ಹಾಗಿರುತ್ತದೆ. ಅವಳ ಅಂಗೈಗಳಲ್ಲಿ ಹರಿಯದ ಜಾಗ ಇರಲಿಲ್ಲ. ಕಂತೆ ಕಟ್ಟಿ ನೀರಿನಲ್ಲಿ ತೇಲಿಬಿಟ್ಟರೆ ಕೂಲಿಯವರು ದಂಡೆಯಲ್ಲಿ ಹಿಡಿದು, ಗೋಡೆಯ ಹೊರಗಿನ ಭಟ್ಟಿಗೆ ಹೊತ್ತು ತರುತ್ತಿದ್ದರು. ನಾನೂ ಎರೆಶಿಯೂ ಇಟ್ಟಿಗೆ ಒತ್ತಿದೆವು. ಇಲುಮನೂ ಅಡ್ಡ ಬರಲಿಲ್ಲ. ಸುಟ್ಟ ಕೋಣೆಯಾದರೆ ಓಣಿಯಲ್ಲಿ ಹಲಗೆ ಹಾಸಿ ನಿದಾಳನ್ನು ಒಂದು ದಿನದ ಮಟ್ಟಿಗೆ ಬಿಡುತ್ತೇನೆ ಎಂದಿದ್ದ. ಅವ್ವ ದಿನವೂ ಕೇಳುತ್ತಿದ್ದಳು: “ಕ್ವಾಣಿ ಆತೇನೋ ಉಬರಾ?” “ಆಗ್ತದವ್ವಾ, ಈ ವಾರ,” ಎನ್ನುತ್ತಿದ್ದೆ ನಾನು.

ಭಟ್ಟಿ ತೆಗೆದಾಗ ಇಟ್ಟಿಗೆಗಳು ಹಣ್ಣಾದ ಖರ್ಜೂರದ ಬಣ್ಣಕ್ಕೆ ತಿರುಗಿದ್ದವು. ಒಂದೂ ಒಡೆದಿರಲಿಲ್ಲ. ಸುದ್ದಿ ಕೇಳಿ ಇಲುಮ ಬಂದ. ಒಂದನ್ನು ಎತ್ತಿಕೊಂಡು ಬೆರಳ ಗೆಣ್ಣಿನಿಂದ ಬಡಿದ, ಠಣ್ಣೆಂದಿತು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮಾತಾಡುತ್ತ ಕಾದು, ಹೊರತೆಗೆದು ಅಂಗೈಯಿಂದ ಉಜ್ಜಿದ. ಅಂಗೈಗೆ ಮಣ್ಣು ಹತ್ತಲಿಲ್ಲ.

“ಉಬರಾ, ದೇವರ ಮನಿ ಬುಡಕ್ಕ ಇವು ಬೇಕು,” ಎಂದ. ಊರ ನಡುವೆ ದೇವರಿಗೆ ದೊಡ್ಡ ಜಗಲಿಯ ಮನೆಯೊಂದು ಏಳುತ್ತಿತ್ತು. ಬುಡ ಪ್ರತಿ ಮಳೆಗೂ ಕರಗುತ್ತಿತ್ತು.

“ನಮ್ಮವ್ವಗಂತ ಸುಟ್ಟೇನ್ರಿ.”

“ಗೊತ್ತೈತಿ. ನಾ ಏನು ಕಸಗೊಳ್ಳಾಕ ಬಂದಿಲ್ಲ. ಮಳಿ ತಿಂಗಳೊಪ್ಪತ್ತಿನ್ಯಾಗ ಬರ್ತದ. ಇವನ್ನ ದೇವರಿಗೆ ಕೊಡು, ಇನ್ನೊಂದು ಭಟ್ಟಿ ಸುಡು, ಮಂದೀನ್ನ ನಾ ಕೊಡ್ತೀನಿ. ಇಂಥಾ ತಲಿ ಈ ಊರಾಗ ಯಾರಿಗೈತಿ? ಇವತ್ತಿಂದ ಇಟಗಿ ಮಾಡೋರಿಗೆಲ್ಲಾ ನೀನ ಹಿರ್ಯಾ.”

ಇಲ್ಲ ಎನ್ನಬಹುದಿತ್ತು. ಅವನು ಹೆದರಿಸಲಿಲ್ಲ, ಅವನ ಹಿಂದೆ ಕೋಲು ಹಿಡಿದವರೂ ಇರಲಿಲ್ಲ. ಹದಿನೆಂಟು ವರ್ಷ ಒಬ್ಬಳ ಬೆನ್ನು ನೋಡುತ್ತ ಅಗೆದವನು ನಾನು. ನಿದಾಳ ತಮ್ಮ ಎಂಬುದು ಬಿಟ್ಟರೆ ನನಗೊಂದು ಹೆಸರಿರಲಿಲ್ಲ. ಅಷ್ಟು ಜನರ ಮುಂದೆ ಇಲುಮ ನನ್ನ ಹೆಗಲ ಮೇಲೆ ಕೈ ಇಟ್ಟು ಹಿರಿಯ ಎಂದಾಗ ನನ್ನ ಎದೆ ಉಬ್ಬಿತು. ಒಂದು ತಿಂಗಳು ತಾನೆ, ಎಂದುಕೊಂಡೆ. ತಲೆಯಾಡಿಸಿದೆ.

ಮರುದಿನ ದಂಡೆಗೆ ಹೋಗಿ ಅಕ್ಕನಿಗೆ ಹೇಳಿದೆ: “ಭಟ್ಟ್ಯಾಗ ಎಲ್ಲಾ ಒಡದವು ಅಕ್ಕಾ. ಬೆಂಕಿ ಜಾಸ್ತಿ ಆತು.”

ಅವಳು ನನ್ನ ಮುಖವನ್ನು ನೋಡಿದಳು. ಆಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡು, “ಇರಲಿ ಬಿಡು. ಮತ್ತ ಕೊಯ್ತೀನಿ,” ಎಂದಳು.

ಎರಡನೆಯ ಭಟ್ಟಿಗೆ ಇಲುಮ ಕೊಟ್ಟ ಜನ ನಾಲ್ಕು ದಿನ ಬಂದರು, ಐದನೆಯ ದಿನ ದೇವರ ಮನೆಯ ಕೆಲಸಕ್ಕೆ ತಿರುಗಿ ಹೋದರು. ನನ್ನನ್ನೂ ಅಲ್ಲಿಗೆ ಕರೆದರು. ಹಿರಿಯನಿಲ್ಲದೆ ಬುಡ ಕಟ್ಟುವುದು ಹೇಗೆ? ಅವ್ವ ಕೋಣೆಯ ಮಾತು ಕೇಳುವುದನ್ನು ನಿಲ್ಲಿಸಿದಳು. ಅದು ನನಗೆ ಸಮಾಧಾನವೇ ಆಯಿತು, ಆ ದಿನಗಳಲ್ಲಿ. ಒಂದು ಮಧ್ಯಾಹ್ನ ಎರೆಶಿ ದೇವರ ಮನೆಯ ಬುಡಕ್ಕೆ ಓಡಿಬಂದು, ಇಟ್ಟಿಗೆ ಹಿಡಿದಿದ್ದ ನನ್ನ ತೋಳು ಜಗ್ಗಿದಳು. ನಾವು ಮನೆ ಮುಟ್ಟುವಷ್ಟರಲ್ಲಿ ಅವ್ವ ಹೋಗಿದ್ದಳು. ಮುಖ ಕಿಟಕಿಯ ಕಡೆಗಿತ್ತು.

ಜೌಗಿನ ಕಾಲದಲ್ಲಿ ಸತ್ತವರನ್ನು ಜೊಂಡಿನಲ್ಲಿ ಸುತ್ತಿ ಹೊಳೆಗೆ ಬಿಡುತ್ತಿದ್ದೆವು. ದಿಬ್ಬಕ್ಕೆ ಬಂದ ಮೇಲೆ ಮನೆಯ ನೆಲದಡಿಯಲ್ಲೇ ಹೂಳುವ ಪದ್ಧತಿ ಬಂತು, ತಮ್ಮವರು ತಮ್ಮ ಬಳಿಯೇ ಇರಲಿ ಎಂದು. ಮರುದಿನ ಬೆಳಿಗ್ಗೆ ನಾನು ಊರ ಬಾಗಿಲಿಗೆ ಹೋದೆ. ಸುದ್ದಿ ಮುಟ್ಟಿ ಅಕ್ಕ ಹೊರಗೆ ಬಂದು ನಿಂತಿದ್ದಳು. ಅಲ್ಲ, ನಿಲ್ಲದೆ ಕಾಲು ಬದಲಿಸುತ್ತಿದ್ದಳು.

“ಹೊಳಿಗೆ ಬಿಡ್ತೀರೇನು?” ಎಂದು ಕೇಳಿದಳು. ಹೊಳೆಗೆ ಬಿಟ್ಟರೆ ಒಮ್ಮೆಯಾದರೂ ನೋಡಬಹುದು, ಮುಟ್ಟಬಹುದು. ಅವಳ ದನಿಯಲ್ಲಿ ಆ ಆಸೆ ಇತ್ತು.

“ಒಣಾ ನೆಲದಾಗ ಹೂಳು ಅಂತ ಅವ್ವನ ಹೇಳ್ಯಾಳಕ್ಕಾ.” ಇದು ಸುಳ್ಳಲ್ಲ.

“ಹಂಗಾರ ಹಂಗ ಮಾಡು. ಅಕಿ ಬೇಡಿದ್ದು ಅದೊಂದ,” ಎಂದು, ಬಾಗಿಲ ಕಾವಲುಗಾರನ ಕಡೆ ಒಮ್ಮೆ ನೋಡಿದಳು. ಅವನು ತಲೆ ತಗ್ಗಿಸಿದ, ಆದರೆ ದಾರಿ ಬಿಡಲಿಲ್ಲ. ಅವಳು ಗೋಡೆಯ ಗುಂಟ ನಡೆಯತೊಡಗಿದಳು.

ನಾವು ಒಳಗೆ ನೆಲ ಅಗೆದೆವು. ಅವ್ವನನ್ನು ಹೊಸ ಚಾಪೆಯಲ್ಲಿ ಸುತ್ತಿ, ತಲೆಯ ಬಳಿ ಒಂದು ಬಟ್ಟಲು ಇಟ್ಟು, ಮಣ್ಣು ಮುಚ್ಚಿ, ಬಡಿದು, ಸಾರಿಸಿದೆವು. ಅಷ್ಟು ಹೊತ್ತೂ ಅಕ್ಕ ಊರ ಗೋಡೆಯ ಸುತ್ತ ನಡೆಯುತ್ತಲೇ ಇದ್ದಳು. ಅತ್ತಳೋ ಇಲ್ಲವೋ, ನೋಡಿದವರಿಲ್ಲ. ಬೆಳಗಿನಿಂದ ಹೊತ್ತಿಳಿಯುವವರೆಗೆ ಎಷ್ಟು ಸುತ್ತು ಹಾಕಿದಳೋ. ಮರುದಿನ ಊರವರು ಗೋಡೆ ಹತ್ತಿ ನೋಡಿದರೆ ದಿಬ್ಬದ ಸುತ್ತಲೂ ಆಳುದ್ದ ನೀರು ನಿಂತಿತ್ತು, ಬಾಗಿಲಿನ ಎದುರಿಗೊಂದು ಕಡೆ ಬಿಟ್ಟು. ಇಲುಮ ನೋಡಿ ಬಹಳ ಸಂತೋಷಪಟ್ಟ. ಇನ್ನು ಯಾವ ವೈರಿಯೂ ಗೋಡೆ ಮುಟ್ಟಲಾರ ಎಂದ. ಅದರ ದಂಡೆ ಕಟ್ಟಲು ಇಟ್ಟಿಗೆಯವರನ್ನು ಕಳಿಸಿದ. ದಂಡೆ ಕಟ್ಟಿಸಿದವನು ನಾನೇ.

ಆಮೇಲೆ ಎಷ್ಟೋ ವರ್ಷ ಆಯಿತು. ದೇವರ ಮನೆ ಮುಗಿದು, ಅದರ ಮೇಲೆ ಇನ್ನೊಂದು ಜಗಲಿ ಎದ್ದಿತು. ಹಸಿ ಮಣ್ಣಿನ ಹಲಗೆಯ ಮೇಲೆ ಜೊಂಡಿನ ಕಡ್ಡಿಯಿಂದ ಗುರುತು ಒತ್ತುವುದು ಬಂತು. ಆ ಗುರುತುಗಳಲ್ಲಿ ಇಲುಮನ ಹೆಸರು ಯಾವುದು ಎಂದು ಮಕ್ಕಳೂ ಬಲ್ಲವರಾದರು. ಹೊಲಗಳಲ್ಲಿ ಮಾತ್ರ ಬಿಳಿಯ ಉಪ್ಪು ಕಾಣಿಸಿಕೊಂಡಿತು. ನೀರು ಎಷ್ಟು ಉಂಡಿತ್ತೋ ಅಷ್ಟು ಬೆಳ್ಳಗಾಯಿತು ಮಣ್ಣು. ಹತ್ತಿರದ ಹೊಲಗಳನ್ನು ಬಿಟ್ಟು ದೂರದ ನೆಲಕ್ಕೆ ಹೋಗಬೇಕಾಯಿತು. ಅಂದರೆ ಅಕ್ಕ ದೂರ ದೂರಕ್ಕೆ ನಡೆಯಬೇಕಾಯಿತು, ಎರಡು ದಿನ, ಮೂರು ದಿನದ ಹಾದಿ. ಉಪ್ಪಿಗೂ ಅವಳೇ ಕಾರಣವೆಂದು ಕೆಲವರು ಗೊಣಗಿದರು. ಪ್ರತಿ ಬಿತ್ತನೆಗೂ ನಾನು ಗುದ್ದಲಿ ಹಿಡಿದು ಅವಳ ಹಿಂದೆ ಹೋಗುತ್ತಿದ್ದೆ. ಹಿರಿಯನಾದರೂ ಆ ಕೆಲಸ ಬಿಡಲಿಲ್ಲ. ಅವಳ ಬೆನ್ನು ಬಾಗಿತ್ತು. ನಡಿಗೆ ನಿಧಾನವಾಗಿತ್ತು, ಹಿಂದೆ ಬರುವ ನೀರೂ ನಿಧಾನವಾಗಿತ್ತು. ಅವ್ವನ ಮಾತು ನಾವಿಬ್ಬರೂ ಆಡುತ್ತಿರಲಿಲ್ಲ.

ಒಂದು ಬಿತ್ತನೆಯ ಕಾಲಕ್ಕೆ ದಂಡೆಯಿಂದ ಹೊರಟು ನಾಲ್ಕು ಹೊಲ ದಾಟಿದ್ದೆವು. ನನ್ನ ಗುದ್ದಲಿಗೆ ಬರೀ ಧೂಳು ಎದ್ದಿತು. ಅಕ್ಕನ ಹೆಜ್ಜೆಗಳನ್ನು ನೋಡಿದೆ. ಒಣ ಹೆಜ್ಜೆಗಳು, ಯಾರ ಹೆಜ್ಜೆಯಾದರೂ ಇರುವ ಹಾಗೆ. ನಾನು ಕರೆದೆ. ಅವಳು ನಿಂತಳು. ತಿರುಗಿ ನೋಡಿದಳು. ಹಿಂದಕ್ಕೆ ಹೋಗಿ ಹೊಳೆಯಲ್ಲಿ ಕಾಲಿಟ್ಟು ಮತ್ತೆ ಬಂದಳು. ಮೂರು ಸಲ ಹೋಗಿ ಬಂದಳು. ನೀರು ದಂಡೆಯಲ್ಲೇ ಉಳಿಯಿತು.

ನಾನು ಹೆದರಿದ್ದೆ. ಊರವರಿಗೆ ಏನು ಹೇಳುವುದು? ಅವಳು ತನ್ನ ಪಾದಗಳನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಎತ್ತಿ, ಚಿಕ್ಕ ಹುಡುಗಿಯ ಹಾಗೆ ಕೇಳಿದಳು: “ಉಬರಾ, ಇನ್ನ ನಾ ಮನಿಗೆ ಬರಬೌದಲ್ಲಾ?”

ಬಾಗಿಲ ಕಾವಲುಗಾರ ಹೊಸಬ. ಅಡ್ಡ ನಿಂತ. ಅಕ್ಕ ಉಟ್ಟ ಬಟ್ಟೆಯ ಅಂಚನ್ನು ತುಸು ಎತ್ತಿ ಪಾದ ತೋರಿಸಿದಳು. ಅವನು ಬಗ್ಗಿ ನೋಡಿದ, ಅವಳ ಹಿಂದಿನ ದಾರಿಯನ್ನು ನೋಡಿದ, ದಾರಿ ಬಿಟ್ಟ. ತಾನು ಮೊದಲು ನೀರು ತಂದು ನಲವತ್ತೈದು ವರ್ಷದ ಮೇಲೆ ಅವಳು ಮತ್ತೆ ಊರೊಳಗೆ ನಡೆದು ಬಂದಳು. ಓಣಿಯ ಜನ ಹೊರಗೆ ಬಂದು ನೋಡಿದರು. ಅರ್ಧಕ್ಕರ್ಧ ಮಂದಿಗೆ ಅವಳು ಯಾರೆಂದೇ ಗೊತ್ತಿರಲಿಲ್ಲ. ಗೋಡೆಗಳನ್ನು ಅಂಗೈಯಿಂದ ಸವರುತ್ತ ಬಂದಳು. ನಮ್ಮ ಹೊಸ್ತಿಲ ಮುಂದೆ ನಿಂತುಬಿಟ್ಟಳು. ಎರೆಶಿ ಒಳಗಿನಿಂದ ಬಂದು, ಅವಳ ಕೈ ಹಿಡಿದು, “ಬರ್ರೀ ಅಕ್ಕಾ,” ಎಂದು ಒಳಗೆ ಕರೆದುಕೊಂಡಳು.

“ಎಲ್ಲಿ ಅದಾಳ?” ಎಂದಳು ಅಕ್ಕ. ತೋರಿಸಿದೆ. ಕಿಟಕಿಯ ಕೆಳಗೆ, ಚಾಪೆ ಹಾಸಿದ ಜಾಗ. ಅವಳು ಮೆಲ್ಲಗೆ ಕೂತು, ಮಗ್ಗುಲಾಗಿ ಮಲಗಿ, ನೆಲಕ್ಕೆ ಕೆನ್ನೆ ಹಚ್ಚಿದಳು. ನಾವು ಹೊರಗೆ ಬಂದು ಕೂತೆವು.

ಊರಿಗೆ ನೀರಿನ ಕೇಡೇನೂ ಆಗಲಿಲ್ಲ. ಅಷ್ಟು ವರ್ಷ ಅಗೆದ ಕೈಗಳಿಗೆ ಇಳಿಜಾರು ಎಲ್ಲಿದೆ, ಒಡ್ಡು ಎಲ್ಲಿ ಹಾಕಬೇಕು ಎಂಬುದು ತಿಳಿದಿತ್ತು. ಇಲುಮನ ಮಗ ಜನರನ್ನು ಕರೆದು ಹೊಳೆಯ ದಂಡೆ ಅಗೆಸಿ ಕಾಲುವೆಗೆ ಬಾಯಿ ಮಾಡಿಸಿದ. ನೀರು ತಾನಾಗಿ ಬಂತು. ಹಣ್ಣು ಮುದುಕನಾಗಿದ್ದ ಇಲುಮ ಅಕ್ಕನಿಗೆ ಒಂದು ಗಡಿಗೆ ಎಳ್ಳೆಣ್ಣೆ ಕಳಿಸಿಕೊಟ್ಟ. ಅದನ್ನು ಎರೆಶಿ ಅವಳ ಕಾಲಿಗೆ ಹಚ್ಚುತ್ತಿದ್ದಳು. ಹುಟ್ಟಿದಂದಿನಿಂದ ನೆನೆದಿದ್ದ ಚರ್ಮ ಒಣ ಮನೆಯಲ್ಲಿ ಬಿರಿಯತೊಡಗಿತ್ತು. ತುಟಿ ಒಡೆದವು. ಧೂಳಿಗೆ ಕೆಮ್ಮು ಬಂತು. ಒಣ ಹಾಸಿಗೆಯಲ್ಲಿ ನಿದ್ದೆ ಹತ್ತುವುದಿಲ್ಲ, ಅಡಿಯಲ್ಲಿ ಏನೂ ಅಲ್ಲಾಡುವುದೇ ಇಲ್ಲ ಎನ್ನುತ್ತಿದ್ದಳು. ಆದರೂ ಹೊರಗೆ ಹೋಗಲು ಒಪ್ಪಲಿಲ್ಲ. ಕೂತು ಊಟ ಮಾಡುವುದನ್ನು ಅವಳು ಕಲಿಯಬೇಕಾಯಿತು. ಅರ್ಧ ತುತ್ತಿಗೆ ಎದ್ದು ನಿಂತು, ನೆನಪಾಗಿ, ಮತ್ತೆ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಕಾಲಿಗೆ ಎಣ್ಣೆ ಹಚ್ಚುವ ಸರದಿ ನನ್ನದು. ಹಿಮ್ಮಡಿ ಕಾಲುವೆಯ ಮಣ್ಣಿನ ಹಾಗೆ ಸೀಳಿತ್ತು. ನನ್ನ ಬಾಯಿಂದ ಮಾತು ತಾನಾಗಿ ಬಂತು.

“ಅಕ್ಕಾ, ಅವತ್ತು ಆ ಇಟಗಿ ಒಡದಿದ್ದಿಲ್ಲ.”

“ಗೊತ್ತೈತಿ.”

ನನ್ನ ಕೈ ನಿಂತಿತು. “ಯಾವಾಗಿಂದ?”

“ಅದ ವಾರದಿಂದ. ಜೊಂಡು ಹೊರೋರು ಹೇಳಿದ್ರು, ದೇವರ ಮನಿ ಬುಡಕ್ಕ ಕೆಂಪಾನ ಇಟಗಿ ಬಿದ್ದಾವಂತ.”

“ಮತ್ತ ನನ್ನ ಯಾಕ ಕೇಳಲಿಲ್ಲ?”

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. “ಕೇಳಿದ್ರ ನೀ ಮಾರಿ ತೋರಸಾಕ ನಾಚಿ ಮನ್ಯಾಗ ಕುಂದರತಿದ್ದಿ. ಹಿಂದ ಬರ್ತಿದ್ದಿಲ್ಲ. ಮೇಷು ಹೋಗಿದ್ದ, ಆಮ್ಯಾಲ ಅವ್ವನೂ ಹೋದ್ಲು. ನನ್ನ ಹಿಂದ ನೀರು ಬರ್ತಿತ್ತು, ನೀ ಬರ್ತಿದ್ದಿ. ಇಬ್ಬರೊಳಗ ಮಾತಾಡೋದು ನೀ ಒಬ್ಬನ ಅಲ್ಲೇನು?”

ನಾನು ಅವಳ ಪಾದದ ಮೇಲೆ ತಲೆ ಇಟ್ಟು ಅತ್ತೆ. ಕ್ಷಮಿಸಿದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಇನ್ನೊಂದು ಕಾಲಿಗೂ ಹಚ್ಚು,” ಎಂದಳು.

ಮಳೆಗಾಲ ಬರುವ ಮೊದಲೇ ಅವಳಿಗೆ ಮಲಗಿದಲ್ಲಿಂದ ಏಳಲಾಗದಂತಾಯಿತು. ಒಂದು ದಿನ ನನ್ನನ್ನು ಹತ್ತಿರ ಕರೆದಳು. “ನನ್ನನ್ನ ಅವ್ವನ ಮಗ್ಗಲಾಗ ಇಡಬ್ಯಾಡ,” ಎಂದಳು.

“ಯಾಕಕ್ಕಾ?”

“ಸತ್ತ ಮ್ಯಾಲ ನೀರು ತಿರುಗಿ ಬಂದ್ರ? ಯಾರಿಗೊತ್ತು ಅದರ ಮನಸು. ಅಕಿ ಒಣಾ ನೆಲ ಬೇಡಿಕೊಂಡು ಹೋದಾಕಿ. ನನ್ನನ್ನ ಗೋಡಿ ಹೊರಗ, ಎಲ್ಲೆರೆ ದೂರ ಇಡು.”

ಹೂಂ ಎಂದೆ. ನಾಲ್ಕು ದಿನ ಬಿಟ್ಟು, ನಡುಹಗಲಿನಲ್ಲಿ, ಎರೆಶಿ ಬಾಯಿಗೆ ಹನಿಸುತ್ತಿದ್ದ ನೀರು ಒಳಗೆ ಇಳಿಯದೆ ಕೆನ್ನೆಯ ಮೇಲೆ ಹರಿಯಿತು.

ನಾನು ಅವಳಿಗೆ ಕೊಟ್ಟ ಮಾತು ನಡೆಸಲಿಲ್ಲ. ಅವಳಿಗೆ ಎರಡನೆಯ ಸಲ ಸುಳ್ಳು ಹೇಳಿದಂತಾಯಿತು. ಆದರೆ ಅವಳನ್ನು ಹೊತ್ತು ಮತ್ತೆ ಆ ಬಾಗಿಲಿನಿಂದ ಹೊರಗೆ ಹೋಗುವುದು ನನ್ನಿಂದ ಆಗಲಿಲ್ಲ. ಕಿಟಕಿಯ ಕೆಳಗಿನ ನೆಲ ಅಗೆದು, ಅವ್ವನ ಮಗ್ಗುಲಲ್ಲಿ, ಅವ್ವನ ಕೈ ಇದ್ದಿರಬಹುದಾದ ಕಡೆಗೆ ಅವಳ ತಲೆ ಬರುವ ಹಾಗೆ ಮಲಗಿಸಿದೆ. ಮಣ್ಣು ಮುಚ್ಚಲು ಎರೆಶಿಯೂ ಕೈ ಹಾಕಿದಳು.

ಈಗ ಮೂರು ಸುಗ್ಗಿ ಕಳೆದವು. ಬೆಳಿಗ್ಗೆ ಎದ್ದ ಕೂಡಲೇ ನಾನು ಅಲ್ಲಿ ಚಾಪೆ ಸರಿಸಿ, ಅಂಗೈ ಊರಿ ನೋಡುತ್ತೇನೆ. ಎರೆಶಿ ಒಲೆಯ ಮುಂದಿನಿಂದ ತಿರುಗದೆಯೇ ಕೇಳುತ್ತಾಳೆ, “ಹಸಿ ಬಂದೈತೇನು?” “ಇಲ್ಲ, ಒಣಗೇ ಐತಿ,” ಎನ್ನುತ್ತೇನೆ. ಮನೆ ಕರಗೀತೆಂಬ ಹೆದರಿಕೆಯಿಂದ ನೋಡುತ್ತೇನೆಂದು ಅವಳು ತಿಳಿದಿದ್ದಾಳೆ. ಒಂದು ದಿನವಾದರೂ ಅಂಗೈಗೆ ತೇವ ಹತ್ತಲಿ ಎಂದು ಕಾಯುತ್ತಿದ್ದೇನೆ ಎಂಬುದನ್ನು ನಾನು ಅವಳಿಗೆ ಹೇಳಿಲ್ಲ.